ಮೊಳೆ ಹೊಡೆಯಬಾರದ ಮನೆಯ ಪಂಕಾ

ಯಲಬುರ್ಗಾದಲ್ಲಿ ನಾವು ಬಾಡಿಗೆಗಿದ್ದ ಮನೆಯ ಪಡಸಾಲೆಯಲ್ಲಿ ಒಂದು ಹಳೆಯ ಪಂಕಾ ತೂಗುತ್ತಿತ್ತು. ನಮಗಿಂತ ಮುಂಚೆ ಆ ಮನೆಯಲ್ಲಿದ್ದವರು ಹೈದರಾಬಾದಿನ ಕಡೆಯಿಂದ ಬಂದ ಅಧಿಕಾರಿಯೊಬ್ಬರು. ನಮ್ಮ ಸೀಮೆಯ ಬೇಸಿಗೆ ತಡೆಯಲಾರದೆ ಹಾಕಿಸಿಕೊಂಡಿದ್ದರಂತೆ. ಆಳುದ್ದಕ್ಕಿಂತ ಉದ್ದನೆಯ ಸಾಗುವಾನಿ ಹಲಗೆ, ಅದರ ಕೆಳ ಅಂಚಿಗೆ ನೆರಿಗೆ ಹಿಡಿದ ಬಟ್ಟೆ, ಮಾಳಿಗೆಯ ತೊಲೆಯಲ್ಲಿದ್ದ ಎರಡು ಕಬ್ಬಿಣದ ಬಳೆಗಳಿಂದ ಇಳಿಬಿಟ್ಟ ಹಗ್ಗ. ಇನ್ನೊಂದು ಹಗ್ಗ ರಾಟೆಯ ಮೇಲೆ ಹಾದು, ಗೋಡೆಯ ತೂತಿನಿಂದ ಹೊರಗಿನ ಕಟ್ಟೆಗೆ ಬರುತ್ತಿತ್ತು. ಕಟ್ಟೆಯ ಮೇಲೆ ಕುಳಿತು ಆಳು ಎಳೆದರೆ ಒಳಗೆ ಗಾಳಿ. ಹಲಗೆಯ ಎರಡೂ ತುದಿಗೆ ಗಾಜಿನ ಹಂಡೆಗಳನ್ನು ಕಟ್ಟಿ, ಅವುಗಳಲ್ಲಿ ಎಣ್ಣೆಯ ದೀಪ ಇಡುವ ಏರ್ಪಾಡೂ ಇತ್ತು. ಗಾಳಿ ಮತ್ತು ಬೆಳಕು ಒಂದರಲ್ಲೇ ಬರಲಿ ಎಂಬ ಆಸೆ. ಪಂಕಾ ಆಡಿದರೆ ದೀಪಗಳೂ ಆಡುತ್ತಿದ್ದವು. ಕುಳಿತವರ ನೆರಳು ಗೋಡೆಯ ಮೇಲೆ ಉದ್ದವಾಗಿ, ಗಿಡ್ಡವಾಗಿ, ಮತ್ತೆ ಉದ್ದವಾಗಿ ತೂಗುತ್ತಿತ್ತು.

ಅದನ್ನು ಎಳೆಯುವ ಆಳನ್ನು ಇಟ್ಟುಕೊಳ್ಳುವಷ್ಟು ಅನುಕೂಲ ನಮಗಿರಲಿಲ್ಲ. ಅಪ್ಪನದು ಕಾಳು ಮತ್ತು ಶೇಂಗಾ ಎಣ್ಣೆಯ ಸಣ್ಣ ಅಂಗಡಿ. ನಾನೂ ಅದರಲ್ಲೇ ಕೂರುತ್ತಿದ್ದೆ. ಬಟ್ಟೆ ಜೀರ್ಣವಾಗಿ ಹರಿದಿತ್ತು, ಒಂದು ಹಂಡೆ ಒಡೆದಿತ್ತು, ಹಲಗೆಯ ಮೇಲೆ ಗುಬ್ಬಿಗಳು ಸಂಸಾರ ಮಾಡಿದ್ದವು. ಅವ್ವ ಅದಕ್ಕೆ ಬಳ್ಳೊಳ್ಳಿಯ ಗೊಂಚಲುಗಳನ್ನು ಇಳಿಬಿಟ್ಟಿದ್ದಳು. ಆ ಪಂಕಾದಿಂದ ನಮ್ಮ ಮನೆಗೆ ಆಗುತ್ತಿದ್ದ ಉಪಯೋಗ ಅಷ್ಟೇ.

ಅಕ್ಕ ಹೆರಿಗೆಗೆಂದು ಕುಷ್ಟಗಿಯಿಂದ ಬಂದದ್ದು ಚೈತ್ರದ ಕೊನೆಯಲ್ಲಿ. ಮಹಾಯುದ್ಧದ ಕಾಲ. ಪೆಟ್ರೋಲು ಸಿಗದೆ ಮೋಟಾರುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಏರು ಬಂದಲ್ಲಿ ಜನ ಇಳಿದು ನೂಕಬೇಕಾಗುತ್ತಿತ್ತು. ಅಂಥ ಒಂದು ಮೋಟಾರಿನಿಂದ ಇಳಿದವಳ ಮುಖ ನನಗೆ ಮೊದಲು ಗುರುತಾಗಲಿಲ್ಲ. ಕಣ್ಣಿನ ಕೆಳಗೆ, ಕೆನ್ನೆಯ ಮೇಲೆ ಬಾವು. ಕಾಲು ಚಪ್ಪಲಿಯಲ್ಲಿ ಹಿಡಿಸದೆ ಅವನ್ನು ಕೈಯಲ್ಲಿ ಹಿಡಿದಿದ್ದಳು.

ಎದುರುಮನೆಯ ಆಯಿ ಕಟ್ಟೆಯ ಮೇಲೆ ಕುಳಿತೇ ನೋಡಿದಳು. ಆಯಿ ಎಂದರೆ ನಮಗೆ ಸಂಬಂಧಿಯಲ್ಲ. ಓಣಿಗೆಲ್ಲ ಹಿರಿಯಳಾದ್ದರಿಂದ ಎಲ್ಲರೂ ಹಾಗೆ ಕರೆಯುತ್ತಿದ್ದರು.

"ಮಾರಿ ತುಂಬಿಕೊಂಡೈತಿ. ಅತ್ತಿಮನಿಯಾಗ ಛಲೋ ಉಣಿಸ್ಯಾರ ಕಾಣತೈತಿ" ಎಂದಳು.

"ಉಣಿಸಿದ್ದಲ್ಲಬೇ ಆಯಿ, ಬಾವು. ಬಳಿ ಮ್ಯಾಲಕ ಸರಿಯವಲ್ದು ನೋಡು" ಎಂದು ಅಕ್ಕ ಕೈ ಚಾಚಿ ತೋರಿಸಿದಳು. ನಗುತ್ತಲೇ ತೋರಿಸಿದಳು. ಅವ್ವ ನಗಲಿಲ್ಲ.

ಅವ್ವನ ಹೆದರಿಕೆಗೆ ಕಾರಣವಿತ್ತು. ಹಿಂದಿನ ವರ್ಷ ಅಕ್ಕನಿಗೆ ಗಂಡನ ಮನೆಯಲ್ಲಿ ದಿನ ತುಂಬುವ ಮೊದಲೇ ನೋವು ಬಂದು, ಕೂಸು ಉಳಿದಿರಲಿಲ್ಲ. ಆಗಲೂ ಹೀಗೆಯೇ ಮೈ ಬಾತಿತ್ತೆಂದು ಆಮೇಲೆ ತಿಳಿದಿತ್ತು. ಅಪ್ಪ ಅಂದೇ ಸರ್ಕಾರಿ ದವಾಖಾನೆಯ ಡಾಕ್ಟರ್ ಸಾಹೇಬರನ್ನು ಮನೆಗೆ ಕರೆತಂದ. ಅವರು ಉರ್ದು ಮಾತಿನವರು. ಊರಿಗೆ ಬಂದ ಮೇಲೆ ಕಲಿತ ಕನ್ನಡವನ್ನು ಅದರೊಳಗೆ ಸೇರಿಸಿ ಮಾತಾಡುತ್ತಿದ್ದರು. ಅಕ್ಕನ ಕಾಲನ್ನು ಬೆರಳಿನಿಂದ ಒತ್ತಿದರು. ಬೆರಳು ತೆಗೆದ ಮೇಲೂ ಅಲ್ಲಿ ಗುಂಡಿ ಹಾಗೇ ಉಳಿಯಿತು. ತಲೆ ನೋಯುತ್ತದೆಯೇ, ಕಣ್ಣ ಮುಂದೆ ಚುಕ್ಕಿ ಆಡುತ್ತವೆಯೇ ಎಂದು ಕೇಳಿದರು. ಎರಡಕ್ಕೂ ಅಕ್ಕ ಹೂಂ ಎಂದಳು.

ಹೊರಗೆ ಬಂದು ಅಪ್ಪನಿಗೆ ಹೇಳಿದರು: "ಸುನೋ ಸಾವಕಾರ್. ಇದು ಛಲೋ ನಿಶಾನಿ ಅಲ್ಲ. ಹೆರೂವಾಗ ಝಟಕಾ ಬಂತು ಅಂದ್ರ, ನಿಮ್ಮ ಕಡೆ ಸೆಳವು ಅಂತಾರಲ್ಲ, ಅದು ಬಂತು ಅಂದ್ರ, ತಾಯೀನೂ ಹೋಗ್ತಾಳ, ಬಚ್ಚಾನೂ ಹೋಗ್ತೈತಿ. ಅಡಗಿಮನಿ ಬಾಜೂ ಕತ್ತಲಿ ಖೋಲಿಯಾಗ ಹಾಕಬ್ಯಾಡ್ರಿ. ಹವಾ ಹೋನಾ. ನನಗ ಕರಿಯೋದಿದ್ರ ರೋಶನಿ ಹೋನಾ, ಬೆಳಕು. ಎಣ್ಣಿ ದೀಪ ಹಿಡಕೊಂಡು ನಾ ಏನ್ ನೋಡ್ಲಿ?"

"ರೋಶನಿ ಮಾಡ್ತೀವ್ರಿ ಸಾಹೇಬ್ರ" ಎಂದ ಅಪ್ಪ. ಹೇಗೆ ಮಾಡಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಅವರು ಹೋದ ಮೇಲೆ ತಲೆಯೆತ್ತಿ ಪಂಕಾದ ಕಡೆ ನೋಡಿದ. ನಾನೂ ನೋಡಿದೆ.

ಗಾಳಿ ಬರುವ ಜಾಗ ನಮ್ಮ ಮನೆಯಲ್ಲಿ ಪಡಸಾಲೆಯೊಂದೇ. ಗಾಳಿ ಮತ್ತು ಬೆಳಕಿನ ಏರ್ಪಾಡು ಇದ್ದದ್ದೂ ಅಲ್ಲೇ, ಅದು ಎಷ್ಟೇ ಹಳತಾಗಿದ್ದರೂ. ಹೊಸದು ಕೊಳ್ಳುವ ಮಾತೇ ಇರಲಿಲ್ಲ. ಕೊಳ್ಳಲು ಹೋದರೂ ಪೇಟೆಯಲ್ಲಿ ಏನೂ ಸಿಗುತ್ತಿರಲಿಲ್ಲ. ಬಟ್ಟೆಗೆ ಕಾರ್ಡು, ಸೀಮೆಎಣ್ಣೆಗೆ ಕಾರ್ಡು. ಇರುವುದರಲ್ಲೇ ಅದನ್ನು ಸರಿಮಾಡುವುದೆಂದು ಅಪ್ಪ ತೀರ್ಮಾನಿಸಿದ. ಅವ್ವ ಒಪ್ಪಿದಳು. ಆದರೆ ಒಂದು ಕಟ್ಟು ಹಾಕಿದಳು.

"ಬಸುರಿ ಇದ್ದ ಮನಿಯಾಗ ಮೊಳಿ ಹೊಡಿಯೂ ಹಂಗಿಲ್ಲ. ಕಟಗಿ ಕೊಯ್ಯೂ ಹಂಗಿಲ್ಲ. ನೆಲ ಅಗಿಯೂ ಹಂಗಿಲ್ಲ. ಕಟ್ಟೂದಿದ್ರ ಕಟ್ರಿ, ಬಿಗಿಯೂದಿದ್ರ ಬಿಗೀರಿ. ಸುತಗಿ ಸಪ್ಪಳ ನನ್ನ ಕಿವೀಗೆ ಬೀಳಬಾರದು."

"ಮೊಳಿ ಇಲ್ಲದ ಪಂಕಾ ಹೆಂಗ ಕೂಡಸ್ತಿ?" ಎಂದ ಅಪ್ಪ.

"ಹ್ವಾದ ವರ್ಷ ಬೀಗರ ಮನಿಯಾಗ ಜ್ವಾಳದ ಹಗೇವು ಅಗಿಸ್ಯಾರ. ಅದೇ ತಿಂಗಳ ಕೂಸು ಹೋತು. ಇನ್ನ ನೀವು ನನಗ ಹೇಳಬ್ಯಾಡ್ರಿ."

ಹಗೇವು ಎಂದರೆ ಕಾಳು ತುಂಬಿಡಲು ನೆಲದಲ್ಲಿ ತೋಡುವ ಕುಣಿ. ಗರ್ಭಿಣಿ ಇರುವ ಮನೆಯಲ್ಲಿ ಬಡಿಯುವ, ಕಡಿಯುವ ಕೆಲಸ ಮಾಡಬಾರದೆಂಬುದು ನಮ್ಮ ಕಡೆ ಈಗಲೂ ಇದೆ. ಆಗ ಅದನ್ನು ಮೀರುವ ಮಾತು ಯಾರೂ ಆಡುತ್ತಿರಲಿಲ್ಲ. ಹೀಗಾಗಿ ನಾವು ಒಂದು ಮೊಳೆಯನ್ನೂ ಬಳಸದೆ ಆ ಪಂಕಾವನ್ನು ಹೊಸದು ಮಾಡಲು ತೊಡಗಿದೆವು.

ಗುಬ್ಬಿಗೂಡಿನಲ್ಲಿ ತತ್ತಿ ಇಲ್ಲವೆಂದು ಅವ್ವ ಖಾತ್ರಿ ಮಾಡಿಕೊಂಡ ಮೇಲೆ ಅದನ್ನು ಎತ್ತಿಟ್ಟೆವು. ಹಲಗೆಯನ್ನು ಸೀಗೆಪುಡಿಯಿಂದ ತೊಳೆದೆವು. ತುಕ್ಕು ಹಿಡಿದ ರಾಟೆಗೆ ಶೇಂಗಾ ಎಣ್ಣೆ ಉಣಿಸಿದೆವು. ಹಳೆಯ ಬಟ್ಟೆಯನ್ನು ಹಲಗೆಗೆ ಸಣ್ಣ ಮೊಳೆಗಳಿಂದ ಕೂಡಿಸಿದ್ದರು. ಆ ಮೊಳೆಗಳನ್ನು ಕೀಳುವುದೂ ಬೇಡ ಎಂದಳು ಅವ್ವ. ಅವುಗಳ ಮೇಲೆಯೇ ಹೊಸ ನೆರಿಗೆಯನ್ನು ಸೆಣಬಿನ ದಾರದಿಂದ ಸುತ್ತಿ ಸುತ್ತಿ ಬಿಗಿದೆವು. ಹೊಸ ನೆರಿಗೆ ಎಂದರೆ ಅಪ್ಪನ ಎರಡು ಹಳೆಯ ಧೋತರ. ಅವ್ವನೇ ಮಡಿಕೆ ಹಿಡಿದು ಹೊಲಿದಳು. ಮೆತ್ತನೆಯ ಬಟ್ಟೆ ಗಾಳಿ ತಳ್ಳುವುದಿಲ್ಲ, ಸೆಟೆದು ನಿಲ್ಲಬೇಕು. ಅದಕ್ಕಾಗಿ ಗಂಜಿಯಲ್ಲಿ ಅದ್ದಿ ಒಣಗಿಸಿದೆವು. ಆಯಿ ಎದುರಿನಿಂದ ಎಲ್ಲವನ್ನೂ ನೋಡುತ್ತಿದ್ದಳು.

"ಮಂದಿಗೆ ಗಂಜಿ ಸಿಗವಲ್ದು, ನೀವು ಧೋತರಕ್ಕ ಉಣಸಾಕ್ಹತ್ತೀರಿ. ಭಾಳ ಛಲೋ ಆತು."

"ನೀನೂ ಬಾರಬೇ ಆಯಿ, ಒಂದು ಬಟ್ಟಲ ನಿನಗೂ ಹಾಕತೀನಿ" ಎಂದು ಅಕ್ಕ ಒಳಗಿನಿಂದಲೇ ಕೂಗಿದಳು.

"ನನಗ್ಯಾಕ? ನಾ ಸೆಟದ ನಿಂತೀನಿ."

ಪಂಕಾ ಆಡಿತು. ಅಕ್ಕನ ಹೊರಸನ್ನು ಅದರ ಕೆಳಗೆ ಹಾಕಿದೆವು. ಅಪ್ಪ ಕಟ್ಟೆಯ ಮೇಲೆ ಕುಳಿತು ಎಳೆಯುವುದು, ಅವನು ಅಂಗಡಿಗೆ ಹೋದರೆ ನಾನು. ಮಧ್ಯಾಹ್ನದ ಉರಿಯಲ್ಲಿ ಅಕ್ಕ ಕಣ್ಣು ಮುಚ್ಚಿ ಮಲಗಿರುತ್ತಿದ್ದಳು. ನಿದ್ದೆ ಬಂದಿದೆಯೋ ಎಚ್ಚರ ತಪ್ಪಿದೆಯೋ ತಿಳಿಯದೆ ಅವ್ವ ಆಗಾಗ ಅವಳ ಹೆಸರು ಹಿಡಿದು ಕರೆಯುತ್ತಿದ್ದಳು. "ಯಾಕಬೇ ಯವ್ವಾ?" ಎಂದು ಉತ್ತರ ಬಂದರೆ, "ಏನಿಲ್ಲ, ಮಲಕ್ಕೊ" ಎನ್ನುವಳು. ಸ್ವಲ್ಪ ಹೊತ್ತಿಗೆ ಮತ್ತೆ ಕರೆಯುವಳು.

ಉಳಿದದ್ದು ಬೆಳಕು. ಹಂಡೆಯ ಎಣ್ಣೆದೀಪಗಳಿಂದ ಪ್ರಯೋಜನವಿಲ್ಲ ಎಂದು ಡಾಕ್ಟರರು ಮೊದಲೇ ಹೇಳಿದ್ದರು. ಮದುವೆ ಮೆರವಣಿಗೆಗೆ ತರುವ, ಪಂಪು ಹೊಡೆದು ಸೀಮೆಎಣ್ಣೆಯಲ್ಲಿ ಉರಿಸುವ ಗ್ಯಾಸ್‌ಬತ್ತಿಯಂಥದು ಬೇಕು. ಗಂಗಾವತಿಯಲ್ಲಿ ಅಂಥ ದೀಪಗಳನ್ನು ಬಾಡಿಗೆಗೆ ಕೊಡುವವನೊಬ್ಬ ಅಪ್ಪನಿಗೆ ಪರಿಚಯ. ಅವನ ಬಳಿ ಗಾಜು ಸೀಳಿದ್ದ, ಮೂಲೆಗೆ ಬಿದ್ದ ಒಂದು ದೀಪವಿತ್ತು. ಹೆರಿಗೆಯ ಮನೆಗೆ ಎಂದು ಕೇಳಿ, ಬಾಡಿಗೆ ಬೇಡ, ಕೆಲಸ ಮುಗಿದ ಮೇಲೆ ತಂದುಕೊಡಿ ಎಂದು ಕೊಟ್ಟ. ಜೊತೆಗೆ ಎರಡು ಮ್ಯಾಂಟಲ್ ಕೊಟ್ಟ. ಮ್ಯಾಂಟಲ್ ಎಂದರೆ ದೀಪದ ಉರಿಗೆ ಕಟ್ಟುವ ಬಟ್ಟೆಯ ಪುಟ್ಟ ಚೀಲ. ಒಮ್ಮೆ ಹೊತ್ತಿಸಿದರೆ ಅದು ಸುಟ್ಟು ಬೂದಿಯಾಗುತ್ತದೆ. ಆ ಬೂದಿಯೇ ಆಕಾರ ಕೆಡದೆ ನಿಂತು ಬೆಳ್ಳಗೆ ಬೆಳಗುತ್ತದೆ. ಜೋರಾಗಿ ಅಲುಗಿದರೆ ಉದುರಿಹೋಗುತ್ತದೆ. ಯುದ್ಧದಿಂದಾಗಿ ಹೊಸವು ಬರುತ್ತಿರಲಿಲ್ಲ. "ಇನ್ನ ಕೇಳಬ್ಯಾಡ್ರಿ ಸಾವಕಾರ್ರ, ಇವೂ ಮದಿವಿಗೆ ಇಟ್ಟಿದ್ದು" ಎಂದಿದ್ದನಂತೆ.

ಅಪ್ಪ ಆ ದೀಪವನ್ನು ಗಂಗಾವತಿಯಿಂದ ತೊಡೆಯ ಮೇಲೆ ಇಟ್ಟುಕೊಂಡೇ ತಂದ. ಸೀಳಿದ ಗಾಜಿಗೆ ತಂತಿ ಸುತ್ತಿದೆವು. ಇನ್ನು ಅದನ್ನು ನೇತುಹಾಕಬೇಕು. ಮೊಳೆ ಹೊಡೆಯುವಂತಿಲ್ಲ. ಮಾಳಿಗೆಯಲ್ಲಿ ಇದ್ದ ಕಬ್ಬಿಣವೆಂದರೆ ಪಂಕಾದ ಬಳೆಗಳು ಮಾತ್ರ. ಹಿಂದಿನವರೂ ಗಾಳಿ ಬೆಳಕನ್ನು ಒಂದಕ್ಕೇ ಕಟ್ಟಿದ್ದರಲ್ಲ, ನಾವೂ ಹಾಗೇ ಮಾಡಿದೆವು. ಒಂದು ಬಳೆಗೆ ತಂತಿ ಕಟ್ಟಿ ಗ್ಯಾಸ್‌ಬತ್ತಿಯನ್ನು ಇಳಿಬಿಟ್ಟೆವು.

ಮುಸ್ಸಂಜೆಯಲ್ಲಿ ಹೊತ್ತಿಸಿ ನೋಡಿದೆವು. ಪಡಸಾಲೆಯಲ್ಲಿ ಅಂಥ ಬೆಳಕು ಎಂದೂ ಬಿದ್ದಿರಲಿಲ್ಲ. ಗೋಡೆಯ ಸುಣ್ಣದ ಬಿರುಕು, ಜಂತಿಯ ಹುಳುಕು, ಅಕ್ಕನ ಮುಖದ ಬಾವು ಎಲ್ಲ ಕಂಡವು. ಅವ್ವ ಅವಳ ಮುಖದಿಂದ ಕಣ್ಣು ತೆಗೆದಳು. ಅಪ್ಪ ಹೊರಗೆ ಹೋಗಿ, "ಎಳೀಲೇನ?" ಎಂದ.

"ಎಳಿ" ಎಂದೆ.

ಎಳೆದ. ಪಂಕಾ ಒಮ್ಮೆ ಆ ಕಡೆ ಹೋಯಿತು, ಈ ಕಡೆ ಬಂತು. ಬಳೆ ಕಿರ್ರೆಂದಿತು. ತಂತಿ ಜಗ್ಗಿತು. ದೀಪದೊಳಗಿನ ಬೆಳಕು ಒಂದು ಬದಿಗೆ ಒಡೆದು, ನೀಲಿ ಉರಿಯಾಗಿ, ಗಾಜನ್ನು ಮಸಿ ಮಾಡಿ ಭುಸುಗುಟ್ಟಿತು. ನಾನು ಓಡಿಹೋಗಿ ಆರಿಸಿದೆ. ಮ್ಯಾಂಟಲ್ ಪುಡಿಯಾಗಿ ಗಾಜಿನ ತಳದಲ್ಲಿ ಚಿಟಿಕೆ ಬೂದಿಯಾಗಿ ಬಿದ್ದಿತ್ತು.

"ಏನಾತು?" ಎಂದ ಅಪ್ಪ ಹೊರಗಿನಿಂದ. ಅವನಿನ್ನೂ ಹಗ್ಗ ಎಳೆಯುತ್ತಲೇ ಇದ್ದ.

ಕತ್ತಲಲ್ಲಿ ಅಕ್ಕ ಅಂದಳು: "ಒಂದು ಉಳದೈತಲ್ಲ."

ಆ ಒಂದನ್ನು ಅವ್ವ ಅರಿಷಿಣ ಕುಂಕುಮದ ಭರಣಿಯ ಪಕ್ಕದಲ್ಲಿ ಇಟ್ಟಳು. ನಾವು ಯಾರೂ ಮುಟ್ಟಬಾರದೆಂದು ಆಜ್ಞೆಯಾಯಿತು. ಪಂಕಾ ಎಳೆದರೆ ದೀಪ ಉಳಿಯದು. ದೀಪ ಬೇಕೆಂದರೆ ಪಂಕಾ ನಿಲ್ಲಬೇಕು. ಎರಡೂ ಬೇಕೆಂದರೆ ದೀಪಕ್ಕೆ ಬೇರೆಯೇ ಮೊಳೆ ಬೇಕು, ಪಂಕಾದಿಂದ ದೂರದ ತೊಲೆಯಲ್ಲಿ. ಅಪ್ಪ ಇದನ್ನು ಅವ್ವನ ಮುಂದೆ ಹೇಳಿದ. ಅವ್ವ ಒಲೆಯ ಕಡೆ ತಿರುಗಿ ಕುಳಿತಳು. ಮರುದಿನವೂ ಹೇಳಿದ. ಅಷ್ಟರಲ್ಲಿ ಅಕ್ಕನ ತಲೆನೋವು ಹೆಚ್ಚಾಗಿತ್ತು. ದಿನ ಇನ್ನೂ ಉಳಿದಿವೆ ಎಂದು ನಾವು ನಂಬಿದ್ದೆವು, ಆದರೆ ಆ ನಂಬಿಕೆಯ ಮೇಲೆ ಯಾರಿಗೂ ಭರವಸೆ ಇರಲಿಲ್ಲ.

ದಾರಿ ತೋರಿಸಿದವಳು ಆಯಿ.

"ಮೊಳಿ ಹೊಡಿಯೂದು ಬಸುರಿ ಇರೂ ಮನಿಯಾಗಲ್ಲನ ಬ್ಯಾಡ ಅಂದದ್ದು? ಆಕೀನ್ನ ನಮ್ಮ ಮನೀಗೆ ಕರಕೊಂಡು ಬಾ. ಆಕಿ ಹೊಸ್ತಿಲ ದಾಟಿದ ಮ್ಯಾಲ ಅದು ಬಸುರಿ ಮನಿ ಹೆಂಗಾದೀತು? ನಿನ್ನ ಗಂಡ ಮೊಳಿ ಹೊಡೀಲಿ, ಗೋಡಿ ಕೆಡವ್ಲಿ. ಮುಗದ ಮ್ಯಾಲ ಕರಕೊಂಡು ಹೋಗ."

ಅವ್ವ ಒಪ್ಪಿದಳು. ಅದರಲ್ಲಿ ತಪ್ಪು ಕಾಣಲಿಲ್ಲ. ಈಗ ನೆನೆದರೆ, ಓಣಿ ದಾಟಿಸುವುದರಲ್ಲೇ ಅಪಾಯವಿತ್ತೆಂದು ಯಾರಿಗೂ ಹೊಳೆಯಲಿಲ್ಲ. ಮೊಳೆಯೊಂದೇ ನಮ್ಮ ಕಣ್ಣಲ್ಲಿತ್ತು.

ಮರುದಿನ ಊಟವಾದ ಮೇಲೆ ಅವ್ವ ಅಕ್ಕನ ತಲೆಯ ಮೇಲೆ ಸೆರಗು ಹೊದಿಸಿ, ಕೈ ಹಿಡಿದು ಕರೆದುಕೊಂಡು ಹೋದಳು. ಓಣಿ ಅಗಲವೇನಲ್ಲ. ಆದರೆ ಎರಡು ಕಟ್ಟೆ ಇಳಿದು ಹತ್ತಬೇಕು. ಮಣ್ಣು ಕಾದು ಹೆಂಚಾಗಿತ್ತು. ಬಾವು ಬಂದ ಕಾಲಿಗೆ ಚಪ್ಪಲಿ ಇಲ್ಲ. ಅಕ್ಕ ನಡುವೆ ಒಮ್ಮೆ ನಿಂತು ನಮ್ಮ ಮನೆಯ ಗೋಡೆಯನ್ನು ಹಿಡಿಯಲು ಕೈ ಚಾಚಿದಳು. ಗೋಡೆ ಅಷ್ಟು ಹತ್ತಿರ ಇರಲಿಲ್ಲ. ಅವ್ವ ತೋಳು ಹಿಡಿದು ಎಳೆದುಕೊಂಡು ಹೋದಳು.

ಅವರು ಒಳಗೆ ಹೋದದ್ದನ್ನು ನೋಡಿ ಅಪ್ಪ ಬಾಗಿಲು ಹಾಕಿಕೊಂಡ. ನಾನು ಏಣಿ ಹತ್ತಿದೆ. ತೊಲೆ ಹಳೆಯ ಕರಿಜಾಲಿ, ಮೊಳೆ ಇಳಿಯಲೊಲ್ಲದು. ಪ್ರತಿ ಪೆಟ್ಟಿಗೂ ಮಾಳಿಗೆಯ ಮಣ್ಣು ತಲೆಯ ಮೇಲೆ ಉದುರುತ್ತಿತ್ತು. ಅಪ್ಪ ಕೆಳಗೆ ಏಣಿ ಹಿಡಿದುಕೊಂಡು, "ಸಾವಕಾಶ, ಸಾವಕಾಶ" ಎನ್ನುತ್ತಿದ್ದ. ಸಾವಕಾಶ ಹೊಡೆದರೆ ಅದು ಇಳಿಯುತ್ತಿರಲಿಲ್ಲ. ಕೊನೆಗೆ ಬಿಗಿಯಾಗಿ ಕೂತಿತು. ಅಲುಗಾಡಿಸಿ ನೋಡಿ ಇಳಿಯುತ್ತಿದ್ದೆ. ಬಾಗಿಲು ಬಡಿದ ಸದ್ದಾಯಿತು. ಅವ್ವ.

"ಬ್ಯಾನಿ ಸುರು ಆತು. ಸಾಹೇಬ್ರನ್ನ ಕರಕೊಂಡು ಬರ್ರಿ. ನಿಮ್ಮ ಸುತಗಿ ಸಪ್ಪಳ ಅಲ್ಲೀತನಕ ಕೇಳಿಸ್ತು. ಪ್ರತಿ ಏಟಿಗೂ ಆಕಿ ಕಣ್ಣ ಮುಚ್ಚಾಕ್ಹತ್ತಿದ್ಲು."

ಮೊಳೆಗೂ ನೋವಿಗೂ ಸಂಬಂಧವಿಲ್ಲ, ಬಿಸಿಲಲ್ಲಿ ನಡೆದದ್ದು ಕಾರಣವಿರಬಹುದು, ಇಲ್ಲದಿದ್ದರೂ ಅಂದೇ ಬರಬಹುದಿತ್ತು ಎಂದು ಡಾಕ್ಟರರು ಆಮೇಲೆ ಹೇಳಿದರು. ಅವ್ವ ಅದನ್ನು ಕೊನೆಯವರೆಗೂ ಒಪ್ಪಲಿಲ್ಲ.

ಅಪ್ಪ ದವಾಖಾನೆಗೆ ಓಡಿದ. ನಾನು ಎದುರುಮನೆಗೆ ಹೋದೆ. ಆಯಿಯ ಪಡಸಾಲೆಯ ತುಂಬ ಮೊಮ್ಮಗಳ ಮದುವೆಗೆಂದು ಹೊಸೆದ ಶಾವಿಗೆ ಕೋಲುಗಳ ಮೇಲೆ ಜೋತುಬಿದ್ದಿತ್ತು. ಮಡಿಯಲ್ಲಿ ಮಾಡಿದ್ದು. ಹೆರಿಗೆಯ ಮೈಲಿಗೆ ತಾಕಿದರೆ ಅದೆಲ್ಲ ಹಾಳು. ಅವ್ವ ಬಾಗಿಲಲ್ಲೇ ನಿಂತು ಅಂದಳು: "ಆಯಿ, ನಾಕ ಮಂದಿ ಎತ್ತಿಕೊಂಡು ನಮ್ಮ ಮನೀಗೆ ಒಯ್ಯತೀವಿ. ಅಲ್ಲೆ ಎಲ್ಲಾ ತಯಾರ ಐತಿ. ಪಂಕಾ ಐತಿ, ದೀಪ ಐತಿ."

"ಬ್ಯಾನಿ ಬಂದಾಕೀನ್ನ ಹೊಸ್ತಿಲ ದಾಟಸ್ತಾರೇನ? ನಿನಗ ತಲಿ ಐತೋ ಇಲ್ಲೊ?"

"ನಿನ್ನ ಶಾವಿಗಿ..."

"ಶಾವಿಗಿ ಸುಡು. ಮತ್ತ ಹೊಸಿಯಾಕ ಬರತೈತಿ" ಎಂದು ಆಯಿ ಕೋಲುಗಳನ್ನು ಎತ್ತಿ ಎತ್ತಿ ಹಿತ್ತಿಲಿಗೆ ಹಾಕತೊಡಗಿದಳು. ಅರ್ಧ ದಾರಿಯಲ್ಲೇ ಮುರಿದು ಚೆಲ್ಲಿತು. ಅದನ್ನು ತುಳಿದುಕೊಂಡೇ ಓಡಾಡಿದೆವು.

ಡಾಕ್ಟರರು ಬಂದು ಅಕ್ಕನ ಕಣ್ಣಿನ ರೆಪ್ಪೆ ಎತ್ತಿ ನೋಡಿದರು. ಅಲುಗಾಡಿಸಬೇಡಿ ಎಂದರು. ಹೀಗೆ ಅವರೂ ಆಯಿಯೂ ಬೇರೆ ಬೇರೆ ಕಾರಣಕ್ಕೆ ಒಂದೇ ಮಾತು ಹೇಳಿದರು. ಓಣಿಯ ಆಚೆ ನಮ್ಮ ಪಡಸಾಲೆಯಲ್ಲಿ ಗಂಜಿ ಹಾಕಿದ ಪಂಕಾ, ಅದರಿಂದ ದೂರದಲ್ಲಿ ಹೊಸ ಮೊಳೆ. ಓಣಿಯ ಈಚೆ ಅಕ್ಕ, ಒಂದೇ ಕಿಟಕಿಯ ಖೋಲಿಯಲ್ಲಿ, ಆಯಿಯ ಬೀಸಣಿಕೆಯ ಗಾಳಿಯಲ್ಲಿ.

ಹೊತ್ತು ಇಳಿಯುತ್ತಿತ್ತು. ಅಕ್ಕನ ದನಿ ಒಮ್ಮೆ ಏರುತ್ತಿತ್ತು, ಆಮೇಲೆ ಏನೂ ಕೇಳುತ್ತಿರಲಿಲ್ಲ. ಏನೂ ಕೇಳದಿದ್ದಾಗಲೇ ಹೆಚ್ಚು ಭಯ. ಅಪ್ಪ ಕಟ್ಟೆಯ ಮೇಲೆ ಕೂತು, ಎದ್ದು, ಮತ್ತೆ ಕೂತ. ಖೋಲಿಯಲ್ಲಿ ಕತ್ತಲು ಸೇರತೊಡಗಿದಾಗ ಡಾಕ್ಟರರು ಬಾಗಿಲಿಗೆ ಬಂದರು. ಅಂಗಿಯ ತೋಳು ಮೇಲಕ್ಕೆ ಮಡಿಚಿದ್ದರು.

"ರೋಶನಿ ಕಹಾಂ ಹೈ? ಮಾಡ್ತೀವಿ ಅಂದಿದ್ರಿ."

ಗ್ಯಾಸ್‌ಬತ್ತಿಯನ್ನು ನಾನು ಆರಿದ್ದಂತೆಯೇ ತಂದೆ. ಉಳಿದ ಮ್ಯಾಂಟಲನ್ನು ಅವ್ವ ತಂದು ಕೊಟ್ಟಳು. ಕಟ್ಟೆಯ ಮೇಲೆ ಕೂತು ಕಟ್ಟಿದೆ. ಎರಡು ಸಲ ಬಿಚ್ಚಿ ಕಟ್ಟಿದೆ. ಈಗ ಅದನ್ನು ಎಲ್ಲಿ ಹಾಕುವುದು? ಆ ಖೋಲಿಯಲ್ಲಿ ಮೊಳೆಯಾಗಲಿ ಬಳೆಯಾಗಲಿ ಇರಲಿಲ್ಲ. ಹೊಡೆಯೋಣವೆಂದರೆ ಈಗ ಇದೇ ಬಸುರಿಯ ಮನೆ. ನೆಲದ ಮೇಲೆ ಇಟ್ಟರೆ ಡಾಕ್ಟರರ ನೆರಳು ಅವರ ಕೈಯ ಮೇಲೇ ಬೀಳುತ್ತದೆ. ಎತ್ತರದಲ್ಲಿ ಯಾರಾದರೂ ಹಿಡಿಯಬೇಕು. ಅವ್ವ ಎತ್ತಿದಳು. ಅವಳ ಕೈಯ ನಡುಕಕ್ಕೆ ಗಾಜು ಸದ್ದು ಮಾಡಿತು. ಆಯಿಗೆ ಶಕ್ತಿ ಸಾಲದು. ಡಾಕ್ಟರರನ್ನು ಬಿಟ್ಟರೆ ಗಂಡಸು ಒಳಗೆ ಬರುವಂತಿಲ್ಲ.

"ಕಿಟಕ್ಯಾಗಿಂದ ಹಿಡೀಲಿ. ಮಾರಿ ಆ ಕಡೆ ತಿರಗಿಸಿ ನಿಂದ್ರಲಿ" ಎಂದಳು ಆಯಿ.

ಕಿಟಕಿ ಹಿತ್ತಿಲಿನ ಕಡೆಗಿತ್ತು. ಸರಳುಗಳಿಲ್ಲ, ಮರದ ಬಾಗಿಲು ಮಾತ್ರ. ನಾನು ಒರಳಿನ ಕಲ್ಲಿನ ಮೇಲೆ ಹತ್ತಿ ನಿಂತೆ. ದೀಪ ಹೊತ್ತಿಸಿ, ಕಿಟಕಿಯೊಳಗೆ ತೋಳು ಚಾಚಿ ಎತ್ತರಕ್ಕೆ ಹಿಡಿದು, ಮುಖವನ್ನು ಹಿತ್ತಿಲಿನ ಕಡೆಗೆ ತಿರುಗಿಸಿದೆ. ಮುಂದೆ ನಾನು ಸೇರಿದ ಪತ್ರಿಕೆಯ ಕೆಲಸದಲ್ಲಿ ಕಣ್ಣಾರೆ ಕಂಡದ್ದನ್ನಷ್ಟೇ ಬರೆಯಬೇಕೆಂದು ನಮಗೆ ಹೇಳಿಕೊಡುತ್ತಿದ್ದರು. ಅಂದು ನಡೆದದ್ದರಲ್ಲಿ ನಾನು ಕಂಡದ್ದು ಹಿತ್ತಿಲ ಬೇಲಿ, ಮುರಿದ ಶಾವಿಗೆಯ ಕೋಲುಗಳು, ಅದಕ್ಕೆ ಬಂದ ಕೋಳಿಗಳು. ಉಳಿದದ್ದು ಕೇಳಿದ್ದು.

ಅಕ್ಕ ಅವ್ವನನ್ನು ಕರೆದಳು. ಆಮೇಲೆ ಬೈದಳು. ಆಯಿ, "ಬೈ, ಬೈ, ಇನ್ನೊಂದು ಬೈ, ಆಕಿ ಏನ ಅನ್ನಂಗಿಲ್ಲ" ಎಂದಳು. ಡಾಕ್ಟರರು ಉರ್ದುವಿನಲ್ಲಿ ತಮಗೆ ತಾವೇ ಏನೋ ಹೇಳಿಕೊಂಡರು. ಆಮೇಲೆ ಅಕ್ಕನ ದನಿ ನಡುವೆಯೇ ಕಡಿಯಿತು. ಹೊರಸು ಗಡಗಡ ಅಲುಗಾಡುವ ಸದ್ದು.

"ಪಕಡೋ! ಕೈ ಹಿಡೀರಿ, ಹಲ್ಲಿನ ನಡು ಅರಿವಿ ಇಡ್ರಿ. ಝಟಕಾ ಹೈ."

ತಿರುಗಿ ನೋಡಬೇಕೆನಿಸಿತು. ತಿರುಗಿದರೆ ದೀಪ ಅಲುಗುತ್ತದೆ. ನಾನು ಕೋಳಿಗಳನ್ನು ನೋಡುತ್ತ ನಿಂತೆ. ತೋಳು ಮೊದಲು ನೋಯಿತು, ಆಮೇಲೆ ಅದು ನನ್ನದೆನಿಸುವುದೇ ನಿಂತಿತು. ಬೆಳಕು ಹಳದಿಗೆ ತಿರುಗುತ್ತಿರುವುದು ಬೇಲಿಯ ಮೇಲೆ ಗೊತ್ತಾಯಿತು. ದೀಪದೊಳಗಿನ ಗಾಳಿಯ ಒತ್ತಡ ಇಳಿಯುತ್ತಿತ್ತು. ಪಂಪು ಹೊಡೆಯಬೇಕು. ಹೊಡೆದರೆ ಅಲುಗುತ್ತದೆ, ಹೊಡೆಯದಿದ್ದರೆ ಆರುತ್ತದೆ.

"ಯಪ್ಪಾ" ಎಂದು ಕರೆದೆ. ಅಪ್ಪ ಹಿತ್ತಿಲಿಗೆ ಓಡಿ ಬಂದ. ಹೇಳದೆಯೇ ತಿಳಿಯಿತು. ಒರಳಿನ ಕಲ್ಲಿನ ಮೇಲೆ ನನ್ನ ಪಕ್ಕಕ್ಕೆ ಹತ್ತಿ, ಅವನೂ ಮುಖ ತಿರುಗಿಸಿಕೊಂಡು, ಕಿಟಕಿಯೊಳಗೆ ಕೈ ಚಾಚಿ ದೀಪದ ಬುಡವನ್ನು ಎರಡೂ ಕೈಯಿಂದ ಅವುಚಿ ಹಿಡಿದ. ಸುಟ್ಟಿರಬೇಕು. ನಾನು ಪಂಪನ್ನು ಒಂದೊಂದೇ ಒತ್ತು ಒತ್ತಿದೆ. ಕಣ್ಣಿಗೆ ಕಾಣದ ಕಡೆ ಆ ಬೂದಿಯ ಚೀಲ ನಿಂತಿದೆಯೋ ಇಲ್ಲವೋ ಎಂದು ಪ್ರತಿ ಒತ್ತಿಗೂ ಬೇಲಿಯ ಕಡೆ ನೋಡಿದೆ. ಬೇಲಿ ಮತ್ತೆ ಬೆಳ್ಳಗಾಯಿತು.

"ಬಸ್, ಬಸ್, ಐಸೇ ಹೀ, ಹಿಂಗ ಇರ್ಲಿ" ಎಂದರು ಡಾಕ್ಟರರು. ನಮಗೋ ಅಕ್ಕನಿಗೋ ತಿಳಿಯಲಿಲ್ಲ.

ಕೂಸು ಅತ್ತಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಕ್ಕನ ಸದ್ದೇ ಇರಲಿಲ್ಲ. ಹೆಣ್ಣು ಎಂದು ಆಯಿ ಹೇಳಿದಳು. ಅಪ್ಪ ಅದಕ್ಕೆ, "ಆಕಿ?" ಎಂದ. ಹಿಡೀರಿ, ಇನ್ನೂ ಹಿಡೀರಿ ಎಂದರು ಡಾಕ್ಟರರು. ಹಿಡಿದೆವು. ಕತ್ತಲಾಗಿ ಕೋಳಿಗಳು ಗೂಡಿಗೆ ಹೋದವು. ಒಳಗೆ ಕೂಸಿನ ಅಳು, ಬಟ್ಟೆ ಹಿಂಡುವ ಸದ್ದು, ಅವ್ವ ಅಕ್ಕನ ಹೆಸರು ಹಿಡಿದು ಕರೆಯುವ ಸದ್ದು. ಮಧ್ಯಾಹ್ನಗಳಲ್ಲಿ ಕರೆದಂತೆಯೇ ಕರೆಯುತ್ತಿದ್ದಳು. ನಿಲ್ಲಿಸಿ, ಮತ್ತೆ ಕರೆಯುತ್ತಿದ್ದಳು.

ಬಹಳ ಹೊತ್ತಿನ ಮೇಲೆ ಅಕ್ಕನ ದನಿ ಬಂತು, ನಾಲಿಗೆ ದಪ್ಪವಾದಂತೆ.

"ನೀರು. ತಣ್ಣನ್ನ ನೀರು ಕೊಡ್ರಿ."

"ಬಾಣಂತಿಗೆ ತಣ್ಣೀರ ಕೊಡ್ತಾರೇನ? ಕಾದ ನೀರು ತರತೀನಿ ತಡಿ" ಎಂದಳು ಅವ್ವ.

"ಬ್ಯಾಸಗ್ಯಾಗ ಕಾದ ನೀರು ಯಾವ ಮಗಳು ಕುಡೀತಾಳ? ಕೊಡದಾಗಿಂದ ಒಂದು ಗುಟಕ ಹಾಕು" ಎಂದಳು ಆಯಿ.

"ನೆಗಡಿ ಆದ್ರ ನೀ ನೋಡ್ತಿ?"

"ಸಾಯಾಕ್ಹತ್ತಿದಾಕಿಗೆ ನೆಗಡಿ ಚಿಂತಿ ನಿನಗ!"

"ಸಾಯೂ ಮಾತು ತಗೀಬ್ಯಾಡ ನೀ, ಹೇಳೀನಿ!"

"ಮತ್ತ ನೀರ ಕೊಡು!"

ಅಪ್ಪ ದೀಪದ ಬುಡದಿಂದ ಕೈ ಬಿಡಲಿಲ್ಲ. ಅವರಿಬ್ಬರ ಜಗಳ ಏರುತ್ತಲೇ ಹೋಯಿತು, ಕೂಸು ಇನ್ನೂ ಜೋರಾಗಿ ಅತ್ತಿತು. ಒಳಗಿನಿಂದ ಡಾಕ್ಟರರು, "ಅರೇ ಅಮ್ಮಾ, ದೋನೋ ಚುಪ್! ತಣ್ಣೀರೇ ಕೊಡ್ರಿ" ಎಂದು ರೇಗಿದರು. ಅಕ್ಕ ಉಳಿದಳೆಂದು ಅದರಿಂದಲೇ ತಿಳಿದು ಅಪ್ಪ ನನ್ನ ಕಡೆ ತಿರುಗಿ, "ಇನ್ನೊಂದು ಸ್ವಲ್ಪ ಹೊತ್ತು ಹಿಡೀತಿಯಲ್ಲ?" ಎಂದ. ಹಿಡೀತೀನಿ ಎಂದೆ.